ಹಚ್ಚುವ ಮುನ್ನ ಎರಡು ನಂಬರ್ ಓದಿ

ಯುಗಾದಿ ಮುಗಿದು ವಾರ ಕಳೆಯುವುದರೊಳಗೆ ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಿನ ಅಂಗಡಿಗಳ ಮುಂದೆ ಕೂಲರ್‌ಗಳು ರಸ್ತೆಗೆ ಇಳಿಯುತ್ತವೆ. ಒಂದು ಕಡೆ ಕಂಪನಿ ಹೆಸರಿನ ಪ್ಲಾಸ್ಟಿಕ್ ಕೂಲರ್‌ಗಳು. ಇನ್ನೊಂದು ಕಡೆ ಬಿಳಿ ತಗಡು ಬಗ್ಗಿಸಿ, ಮೂರು ಬದಿಗೆ ಹುಲ್ಲು ತುಂಬಿ, ಒಳಗೊಂದು ಫ್ಯಾನು, ತಳದಲ್ಲೊಂದು ಅಂಗೈಯಗಲದ ಪಂಪು ಕೂಡಿಸಿ ಊರಲ್ಲೇ ಜೋಡಿಸಿದವು. ಬಿಸಿಲು 43 ಡಿಗ್ರಿ ದಾಟಿದ ಮಧ್ಯಾಹ್ನ ಕೊಳ್ಳಲು ಬಂದವರು ಕೂಲರ್ ಮುಂದೆ ನಿಂತು ಮುಖಕ್ಕೆ ಗಾಳಿ ಹಿಡಿದು ನೋಡುತ್ತಾರೆ. "ನೀರು ಎಷ್ಟು ಹಿಡೀತೈತಿ ಅಣ್ಣಾ?" "ಮೋಟರಿಗೆ ಗ್ಯಾರಂಟಿ ಎಷ್ಟು?" "ಕೊನೀ ರೇಟು ಹೇಳ್ರಿ." ಹತ್ತು ನಿಮಿಷ ಚೌಕಾಸಿ ನಡೆದು ಕೂಲರ್ ಆಟೊ ಏರುತ್ತದೆ.

ಅದರಿಂದ ಹೊರಗೆ ಬಂದಿರುವ ವೈರಿನ ತುದಿಯಲ್ಲಿ ಎಷ್ಟು ಪಿನ್ ಇವೆ, ಆ ವೈರಿನ ಮೇಲೆ ಏನು ಅಚ್ಚಾಗಿದೆ ಎಂದು ಕೇಳುವವರು ಕಡಿಮೆ.

ಮಾನ್ವಿಯಲ್ಲಿ ಚಳಿಗಾಲದ ಬೆಳಗಿಗೆ ಹೀಟರ್ ರಾಡ್ ಕೊಳ್ಳುವಾಗಲೂ, ದೇವದುರ್ಗದ ಸಂತೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡು, ಮೊಬೈಲ್ ಚಾರ್ಜರ್ ಆರಿಸುವಾಗಲೂ ಇದೇ ಕಥೆ. ಐಎಸ್‌ಐ ಮಾರ್ಕ್ ಅಂತ ಒಂದು ಇದೆ ಎಂಬುದು ಎಲ್ಲರಿಗೂ ಗೊತ್ತು. ಅದು ಏಕೆ ಇದೆ, ಯಾರು ಕೊಡುತ್ತಾರೆ, ಅದಿಲ್ಲದೆ ಮಾರಿದರೆ ಏನಾಗುತ್ತದೆ ಎಂಬುದು ಅರ್ಧಂಬರ್ಧ ಗೊತ್ತು. ಆ ಉಳಿದ ಅರ್ಧದಲ್ಲಿ ಜೀವದ ಪ್ರಶ್ನೆ ಇದೆ.

ಕರೆಂಟ್ ಹುಟ್ಟುವ ಜಿಲ್ಲೆ

ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ದೋಆಬ್ ನಾಡಿಗೆ ಕರೆಂಟ್ ಹೊಸದಲ್ಲ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಇಂದು ಅಲ್ಲಿ ಎಂಟು ಘಟಕಗಳು, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಪಕ್ಕದ ಯರಮರಸ್‌ನಲ್ಲಿ ತಲಾ 800 ಮೆಗಾವಾಟಿನ ಇನ್ನೆರಡು ಘಟಕ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೊವೋಲ್ಟ್ ಮಾರ್ಗ ಚಾಲೂ ಆದಾಗಲೇ ದಕ್ಷಿಣ ಭಾರತದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾದದ್ದು. ದೇಶಕ್ಕೆಲ್ಲ ಒಂದೇ ಗ್ರಿಡ್ ಎಂಬ ಮಾತು ನಿಜವಾದದ್ದು ನಮ್ಮ ಊರಿನಿಂದ ಹೊರಟ ತಂತಿಯಿಂದ.

ಆ ಸ್ಥಾವರದಲ್ಲಿ, ಆ ಮಾರ್ಗದಲ್ಲಿ ಬಳಸುವ ಒಂದೊಂದು ಟ್ರಾನ್ಸ್‌ಫಾರ್ಮರ್, ಒಂದೊಂದು ಬ್ರೇಕರ್ ಪರೀಕ್ಷೆಯಾಗದೆ ಕೂಡುವುದಿಲ್ಲ. ಅಲ್ಲಿಂದ ಹಂತ ಹಂತವಾಗಿ ಇಳಿದು ಜೆಸ್ಕಾಂ ಕಂಬದ ಮೂಲಕ 230 ವೋಲ್ಟ್ ಆಗಿ ಮನೆಗೆ ಬಂದ ಮೇಲೆ, ಅದೇ ಕರೆಂಟು ಯಾರೂ ಪರೀಕ್ಷಿಸದ ಒಂದು ಬೋರ್ಡಿಗೂ ಒಂದು ರಾಡಿಗೂ ಹೋಗುತ್ತದೆ. ಮೀಟರಿನಿಂದಾಚೆ ಒಳಗಿನ ಜವಾಬ್ದಾರಿ ಮನೆಯವರದು. ದೇಶದಲ್ಲಿ ವಿದ್ಯುದಾಘಾತದಿಂದ ಸಾಯುವವರ ಲೆಕ್ಕ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯಲ್ಲಿ ಪ್ರತಿ ವರ್ಷ ಬರುತ್ತದೆ. 2019ರಲ್ಲಿ ಆ ಸಂಖ್ಯೆ 13 ಸಾವಿರವನ್ನು ದಾಟಿತ್ತು. ಕಡಿದು ಬಿದ್ದ ತಂತಿ, ಹೊಲದ ಮೋಟರ್, ಮನೆಯ ಸಾಮಾನು ಎಲ್ಲವೂ ಅದರಲ್ಲಿ ಸೇರಿವೆ. ಕಂಬದ ತಂತಿಯನ್ನು ನಾವು ನೀವು ಸರಿಪಡಿಸಲಾರೆವು. ಮನೆಗೆ ತರುವ ಸಾಮಾನು ನಮ್ಮ ಕೈಯಲ್ಲಿದೆ.

ತಗಡಿನ ಕೂಲರ್ ಕೊಲ್ಲುವುದು ಹೇಗೆ

ಕೂಲರಿನಿಂದಲೇ ಶುರುಮಾಡೋಣ, ಏಕೆಂದರೆ ನಮ್ಮ ಬ್ಯಾಸಿಗಿಯಲ್ಲಿ ಅದಿಲ್ಲದ ಓಣಿಯಿಲ್ಲ.

ಕೂಲರ್ ಎಂದರೆ ನೀರು, ಕಬ್ಬಿಣದ ತಗಡು, ಕರೆಂಟು ಮೂರನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿಟ್ಟ ಯಂತ್ರ. ಒಳಗಿನ ವೈರು ಫ್ಯಾನಿನ ನಡುಕಕ್ಕೆ ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಸಿಪ್ಪೆ ಸುಲಿದುಕೊಳ್ಳುತ್ತದೆ. ಇಲ್ಲವೇ ತಳದ ನೀರಿನಲ್ಲಿ ಮುಳುಗಿರುವ ಪಂಪಿನೊಳಗೆ ತೇವ ಹೊಗುತ್ತದೆ. ಆಗ ಇಡೀ ತಗಡಿನ ಮೈಗೆ ಕರೆಂಟು ಹರಡುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ. ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ತಂಪಾಗಿಯೇ ಬರುತ್ತದೆ.

ಅರ್ಥಿಂಗ್ ಇದ್ದರೆ ಆ ಕರೆಂಟು ಮೂರನೇ ಪಿನ್ನಿನ ಮೂಲಕ ಭೂಮಿಗೆ ನುಗ್ಗಿ ಫ್ಯೂಸನ್ನು ಸುಡುತ್ತದೆ, ಎಂಸಿಬಿ ಬೀಳುತ್ತದೆ, ಕೂಲರ್ ನಿಲ್ಲುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅದು ದಾರಿ ಕಾಯುತ್ತಾ ಕೂತಿರುತ್ತದೆ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು, ಕೊಡದಿಂದ ಕೂಲರಿಗೆ ನೀರು ಹಾಕಲು ಬಂದವರೇ ಆ ದಾರಿ.

ಲೆಕ್ಕ ಸರಳ. ಒದ್ದೆಯಾದ ಮೈ ಕರೆಂಟಿಗೆ ಒಡ್ಡುವ ತಡೆ ಸಾವಿರ ಓಮ್ ಆಸುಪಾಸು ಎಂದಿಟ್ಟುಕೊಳ್ಳಿ. 230 ವೋಲ್ಟನ್ನು ಅದರಿಂದ ಭಾಗಿಸಿದರೆ 230 ಮಿಲಿ ಆಂಪಿಯರ್. ಒಂದು ಮಿಲಿ ಆಂಪಿಯರ್‌ಗೆ ಜುಮ್ಮೆನ್ನುತ್ತದೆ. ಹತ್ತರ ಸುಮಾರಿಗೆ ಕೈ ಬಿಗಿಹಿಡಿದು ಬಿಡಿಸಿಕೊಳ್ಳಲಾಗದು. ನಮ್ಮ ಕಡೆ "ಕರೆಂಟ್ ಹಿಡೀತು" ಅನ್ನುವುದು ಇದನ್ನೇ. ಮೂವತ್ತು ದಾಟಿದರೆ ಹೃದಯದ ಬಡಿತಕ್ಕೇ ಅಪಾಯ. 230 ಎಂಬುದು ಅದರ ಏಳೆಂಟು ಪಟ್ಟು. ಆದರೆ ಮನೆಯ 16 ಆಂಪಿಯರ್ ಎಂಸಿಬಿಗೆ 230 ಮಿಲಿ ಆಂಪಿಯರ್ ಎಂಬುದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಮನುಷ್ಯನನ್ನು ಕೊಲ್ಲುವ ಕರೆಂಟು ಎಂಸಿಬಿಯನ್ನು ಬೀಳಿಸುವುದಿಲ್ಲ. ಇದನ್ನು ಮನೆಮನೆಗೂ ಹೇಳಬೇಕು.

ಹೀಟರ್ ರಾಡಿನದೂ ಇದೇ ಬಗೆ. ಅದರ ಕೊಳವೆಯೊಳಗೆ ಕಾಯುವ ತಂತಿ ಇದೆ, ಸುತ್ತ ಕರೆಂಟು ಹಾಯದ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಕೊಳವೆಯ ಬಾಯಿ ಸರಿಯಾಗಿ ಮುಚ್ಚದಿದ್ದರೆ, ಮೈಯಲ್ಲಿ ಕೂದಲೆಳೆಯ ಬಿರುಕಿದ್ದರೆ ನೀರು ಒಳಗಿಳಿಯುತ್ತದೆ, ಬಕೆಟಿನ ನೀರಿಗೆಲ್ಲ ಕರೆಂಟು ಬರುತ್ತದೆ. ನೀರು ಕಾದಿದೆಯೇ ಎಂದು ಸ್ವಿಚ್ ಆರಿಸದೆ ಬೆರಳು ಅದ್ದುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ?

ಒಂದು ಗುರುತು ಹುಟ್ಟಿದ ಬಗೆ

ಮಾರುವ ಮೊದಲೇ ಪರೀಕ್ಷಿಸಬೇಕು ಎಂಬ ಯೋಚನೆ ಬೆಂಕಿಯ ಭಯದಿಂದ ಬಂತು. 1893ರಲ್ಲಿ ಅಮೆರಿಕದ ಶಿಕಾಗೊದಲ್ಲಿ ನಡೆದ ವಿಶ್ವ ಮೇಳದಲ್ಲಿ ಸಾವಿರಾರು ವಿದ್ಯುದ್ದೀಪಗಳು ಬೆಳಗಿದ್ದವು. ಅಲ್ಲಿನ ವೈರಿಂಗ್ ತಪಾಸಣೆಗೆ ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವ ಎಂಜಿನಿಯರನ್ನು ಕರೆಸಿದರು. ಮರುವರ್ಷವೇ ಅವರು ಕಟ್ಟಿದ ಪರೀಕ್ಷಾ ಸಂಸ್ಥೆ ಇಂದಿಗೂ ಯುಎಲ್ ಎಂಬ ಗುರುತಿನಿಂದ ಜಗತ್ತಿನಾದ್ಯಂತ ಕಾಣುತ್ತದೆ.

ನಮ್ಮಲ್ಲಿ ಭಾರತೀಯ ಮಾನಕ ಸಂಸ್ಥೆ, ಅಂದರೆ ಐಎಸ್‌ಐ, ಹುಟ್ಟಿದ್ದು 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಏಳು ತಿಂಗಳ ಮುಂಚೆ. ಗುರುತು ಹಾಕಲು ಅನುಮತಿ ಕೊಡುವ ಕಾಯಿದೆ 1952ರಲ್ಲಿ ಬಂತು. 1986ರ ಕಾಯಿದೆಯ ಮೇರೆಗೆ ಸಂಸ್ಥೆಯ ಹೆಸರು ಭಾರತೀಯ ಮಾನಕ ಬ್ಯೂರೊ ಎಂದಾಯಿತು. ಜನರ ಬಾಯಲ್ಲಿ ಮಾತ್ರ ಐಎಸ್‌ಐ ಮಾರ್ಕ್ ಎಂಬ ಹೆಸರೇ ಉಳಿಯಿತು, ಗುರುತಿನಲ್ಲೂ ಅದೇ ಅಕ್ಷರಗಳಿವೆ. ಈಗ ಜಾರಿಯಲ್ಲಿರುವುದು 2016ರ ಕಾಯಿದೆ.

ಮೊದಲೆಲ್ಲ ಗುರುತು ಪಡೆಯುವುದು ತಯಾರಕರ ಇಚ್ಛೆಗೆ ಬಿಟ್ಟ ಮಾತಾಗಿತ್ತು. ಬಹಳ ವಸ್ತುಗಳಿಗೆ ಇಂದಿಗೂ ಹಾಗೆಯೇ. ಆದರೆ ಜೀವಕ್ಕೆ ಅಪಾಯ ತರಬಲ್ಲ ಸಾಮಾನುಗಳಿಗೆ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ ಗುರುತನ್ನು ಕಡ್ಡಾಯ ಮಾಡುತ್ತದೆ. ವಿದ್ಯುತ್ ಸಾಮಾನಿನಲ್ಲಿ ದೊಡ್ಡ ಆದೇಶ 2003ರದು. ಮನೆಯ ವೈರು, ಸ್ವಿಚ್ಚು, ಎಂಸಿಬಿ, ಇಸ್ತ್ರಿ ಪೆಟ್ಟಿಗೆ, ಹೀಟರ್ ರಾಡು, ಕಾಯಿಲ್ ಒಲೆ, ಗೀಸರು, ಕೋಣೆ ಕಾಯಿಸುವ ಹೀಟರು ಇದರಡಿ ಬಂದವು. ಪ್ಲಗ್ಗು, ಸಾಕೆಟ್ಟುಗಳಿಗೆ 2016ರಲ್ಲಿ ಬೇರೆ ಆದೇಶ ಬಂತು. ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್, ಟಿವಿ, ಎಲ್‌ಇಡಿ ಬಲ್ಬುಗಳಿಗೆ ಇನ್ನೊಂದು ದಾರಿ ಇದೆ: 2012ರ ಆದೇಶದಿಂದ ಶುರುವಾದ ಕಡ್ಡಾಯ ನೋಂದಣಿ. ಇವುಗಳ ಮೇಲೆ ಐಎಸ್‌ಐ ಗುರುತು ಇರುವುದಿಲ್ಲ, ಬ್ಯೂರೊದ ನೋಂದಣಿ ಗುರುತೂ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆಯೂ ಇರುತ್ತವೆ. ಚಾರ್ಜರಿನ ಮೇಲೆ ಸಿಇ ಎಂದು ಬರೆದಿದ್ದರೆ ಅದು ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದ್ದು, ನಮ್ಮ ಕಾನೂನಿಗೆ ಅದು ಸಾಲದು.

ಉಕ್ಕಿನ ಬೆರಳು, ಕೆಂಪು ತಂತಿ

ಪರೀಕ್ಷೆ ಎಂದರೆ ಸಾಮಾನನ್ನು ಕರೆಂಟಿಗೆ ಹಚ್ಚಿ ಓಡುತ್ತದೆಯೇ ನೋಡುವುದು ಎಂದು ಹಲವರು ತಿಳಿದಿದ್ದಾರೆ. ಓಡುವುದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಪ್ರಯೋಗಾಲಯ ನೋಡುವುದು ಅದು ಕೆಟ್ಟಾಗ ಏನು ಮಾಡುತ್ತದೆ ಎಂಬುದನ್ನು. ಮನೆಬಳಕೆ ಉಪಕರಣಗಳ ಸುರಕ್ಷತೆಗೆ ಇರುವ ಮಾನಕದ ಸಂಖ್ಯೆ ಐಎಸ್ 302. ಇದರಲ್ಲಿನ ಪರೀಕ್ಷೆಗಳನ್ನು ಓದಿದರೆ ಮನೆಯಲ್ಲಿ ಆಗಬಹುದಾದ ಅನಾಹುತವನ್ನೆಲ್ಲ ಯಾರೋ ಹತ್ತಿರ ಕೂತು ನೋಡಿ ಬರೆದಂತಿದೆ.

ಅಲ್ಲೊಂದು ಉಕ್ಕಿನ ಬೆರಳಿದೆ. ಮನುಷ್ಯರ ಬೆರಳಿನ ಹಾಗೆಯೇ ಗೆಣ್ಣುಗಳಲ್ಲಿ ಬಾಗುತ್ತದೆ, ಹನ್ನೆರಡು ಮಿಲಿಮೀಟರ್ ದಪ್ಪ, ಎಂಬತ್ತು ಮಿಲಿಮೀಟರ್ ಉದ್ದ. ಉಪಕರಣದ ಪ್ರತಿ ಸಂದಿ, ಪ್ರತಿ ತೂತಿಗೂ ಅದನ್ನು ತೂರಿಸಿ ತಿರುಗಿಸಿ ನೋಡುತ್ತಾರೆ. ಅದು ಕರೆಂಟಿರುವ ಭಾಗವನ್ನು ಮುಟ್ಟಿದರೆ ಸಾಮಾನು ನಪಾಸು.

ಆಮೇಲೆ ಉಪಕರಣವನ್ನು 93 ಪ್ರತಿಶತ ತೇವದ ಪೆಟ್ಟಿಗೆಯಲ್ಲಿ 48 ಗಂಟೆ ಇಡುತ್ತಾರೆ. ಹೊರಗೆ ತೆಗೆದ ಕೂಡಲೇ ಮೈಗೆ ಎಷ್ಟು ಕರೆಂಟು ಸೋರುತ್ತಿದೆ ಎಂದು ಅಳೆಯುತ್ತಾರೆ. ಅರ್ಥಿಂಗ್ ಬೇಕಾದ, ಕೈಯಲ್ಲಿ ಹಿಡಿದು ಓಡಾಡಿಸುವ ಉಪಕರಣಗಳಿಗೆ ಮಿತಿ 0.75 ಮಿಲಿ ಆಂಪಿಯರ್. ಜುಮ್ಮೆನ್ನುವ ಮಟ್ಟಕ್ಕಿಂತ ಕೆಳಗೇ ಅದನ್ನು ನಿಲ್ಲಿಸಿದ್ದಾರೆ. ಬಳಿಕ ಮನೆಯ ವೋಲ್ಟೇಜಿನ ಹಲವು ಪಟ್ಟು ಒತ್ತಡ ಹೇರಿ ಇನ್ಸುಲೇಷನ್ ಒಡೆಯುತ್ತದೆಯೇ ಎಂದು ನೋಡುತ್ತಾರೆ.

ವೈರು ಉಪಕರಣದೊಳಗೆ ಹೋಗುವ ಜಾಗವನ್ನು ಹಿಡಿದು ಇಪ್ಪತ್ತೈದು ಸಲ ಜಗ್ಗುತ್ತಾರೆ. ಉಪಕರಣ ಭಾರವಾದಷ್ಟೂ ಜಗ್ಗುವ ಬಲ ಹೆಚ್ಚು. ಪ್ಲಗ್ಗನ್ನು ಹಿಡಿದು ತೆಗೆಯುವ ಬದಲು ವೈರನ್ನೇ ಎಳೆಯುವ ನಮ್ಮೆಲ್ಲರ ಚಾಳಿಯನ್ನು ಮಾನಕ ಬರೆದವರು ಬಲ್ಲರು. ಪ್ಲಾಸ್ಟಿಕ್ ಭಾಗಗಳಿಗೆ 550ರಿಂದ 850 ಡಿಗ್ರಿವರೆಗೆ ಕೆಂಪಗೆ ಕಾಯಿಸಿದ ತಂತಿಯ ಕುಣಿಕೆಯನ್ನು ಒತ್ತುತ್ತಾರೆ. ಹತ್ತಿದ ಬೆಂಕಿ ತಾನೇ ಆರಬೇಕು, ಉರಿದುಬಿದ್ದ ಹನಿಯಿಂದ ಕೆಳಗಿನ ವಸ್ತು ಹೊತ್ತಿಕೊಳ್ಳಬಾರದು. ಸಂತೆಯ ಅಗ್ಗದ ಬೋರ್ಡು ಈ ಪರೀಕ್ಷೆಯಲ್ಲಿ ಮೇಣದಂತೆ ಕರಗಿ ಉರಿಯುವುದನ್ನು ಕಣ್ಣಾರೆ ಕಂಡವರು ಮತ್ತೆ ಅದನ್ನು ಮನೆಗೆ ತರಲಾರರು.

ಪ್ಲಗ್ಗಿನ ಮೂರನೇ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಕಾರಣವಿದೆ. ಹಾಕುವಾಗ ಅರ್ಥಿಂಗ್ ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಕರೆಂಟು ಹರಿಯುವ ಒಂದು ಕ್ಷಣವೂ ಉಪಕರಣ ರಕ್ಷಣೆಯಿಲ್ಲದೆ ಇರಬಾರದೆಂದು ಹಾಗೆ ಮಾಡಿದ್ದಾರೆ. ಸಾಕೆಟ್ಟಿಗೆ ಹೊಂದುವುದಿಲ್ಲವೆಂದು ಆ ಪಿನ್ನನ್ನೇ ಮುರಿದುಹಾಕುವವರು, ಪ್ಲಗ್ಗೇ ಇಲ್ಲದೆ ವೈರಿನ ಎರಡು ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವವರು ನಮ್ಮಲ್ಲಿ ಇದ್ದಾರೆ. ಅವರನ್ನು ಕೈಮುಗಿದು ತಡೆಯಬೇಕು.

ವೈರಿನ ಮಾನಕ ಐಎಸ್ 694. ಇದರಲ್ಲಿ ತಾಮ್ರದ ತಡೆ, ಸಿಪ್ಪೆಯ ದಪ್ಪ ಎಲ್ಲಕ್ಕೂ ಲೆಕ್ಕವಿದೆ. ಅಗ್ಗದ ವೈರಿನಲ್ಲಿ ಮೋಸ ನಡೆಯುವುದು ಇಲ್ಲಿಯೇ: ಎಳೆಗಳು ಕಡಿಮೆ, ಎಳೆ ತೆಳು, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, 90 ಮೀಟರ್ ಎಂದ ಸುರುಳಿಯಲ್ಲಿ ಉದ್ದವೂ ಕಡಿಮೆ. ತೆಳು ವೈರು ಕೂಲರಿನ ಹೊರೆಗೆ ಬಿಸಿಯಾಗುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಗೋಡೆಯೊಳಗೆ ಸುಡುತ್ತದೆ. ಮರುದಿನ ಎಲ್ಲರೂ ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ.

ರಾಯಚೂರಿನ ತಯಾರಕರು ಏನು ಮಾಡಬೇಕು

ಊರಿನಲ್ಲೇ ಒಬ್ಬರು ಹೀಟರ್ ರಾಡೋ ವೈರೋ ತಯಾರಿಸಲು ಹೊರಟರು ಎನ್ನಿ. ಅವರಿಗೆ ಬೇಕಾದ ಪರವಾನಗಿಯ ಬಗ್ಗೆ ಮೊದಲು ತಿಳಿಯಬೇಕಾದ್ದು: ಅದು ಕಂಪನಿಯ ಹೆಸರಿಗಲ್ಲ, ತಯಾರಾಗುವ ಜಾಗಕ್ಕೆ ಸಿಗುತ್ತದೆ. ಹೈದರಾಬಾದಿನ ಕಾರ್ಖಾನೆಗೆ ಇರುವ ಪರವಾನಗಿಯಲ್ಲಿ ರಾಯಚೂರಿನ ಶೆಡ್ಡಿನಲ್ಲಿ ಮಾಡಿದ ಮಾಲಿಗೆ ಗುರುತು ಒತ್ತುವಂತಿಲ್ಲ.

ಅರ್ಜಿ ಬ್ಯೂರೊದ ಮಾನಕ್ ಆನ್‌ಲೈನ್ ಜಾಲತಾಣದಲ್ಲಿ, ಅರ್ಜಿ ಶುಲ್ಕ 1,000 ರೂಪಾಯಿ. ಅಷ್ಟಕ್ಕೇ ಮುಗಿಯುವುದಿಲ್ಲ. ಕಾರ್ಖಾನೆಯಲ್ಲೇ ದಿನನಿತ್ಯದ ಪರೀಕ್ಷೆ ನಡೆಸುವ ಸಾಧನಗಳು ಬೇಕು, ನಡೆಸಬಲ್ಲ ಜನ ಬೇಕು. ಬ್ಯೂರೊದ ಅಧಿಕಾರಿ ಬಂದು ಯಂತ್ರ, ಕಚ್ಚಾ ಮಾಲು, ಪರೀಕ್ಷಾ ಕೋಣೆ ಎಲ್ಲ ನೋಡುತ್ತಾರೆ. ಮಾದರಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ದೊಡ್ಡ ಪರೀಕ್ಷಾ ಕೇಂದ್ರಗಳಿವೆ, ಪೀಣ್ಯದಲ್ಲಿ ಬ್ಯೂರೊದ ಶಾಖಾ ಕಚೇರಿಯಿದೆ. ಮಾದರಿಯನ್ನು ಮೊದಲೇ ಪರೀಕ್ಷೆ ಮಾಡಿಸಿ ವರದಿಯ ಸಮೇತ ಅರ್ಜಿ ಹಾಕಿದರೆ ಕೆಲಸ ಬೇಗ ಆಗುತ್ತದೆ. ಆ ಸರಳ ವಿಧಾನಕ್ಕೆ ಬ್ಯೂರೊ ಇಟ್ಟುಕೊಂಡ ಗುರಿ ಮೂವತ್ತು ದಿನ.

ಪರವಾನಗಿ ಮೊದಲು ಒಂದೆರಡು ವರ್ಷಕ್ಕೆ, ಆಮೇಲೆ ನವೀಕರಣ. ನಡುವೆ ಅಧಿಕಾರಿಗಳು ಮತ್ತೆ ಬರುತ್ತಾರೆ, ಅಂಗಡಿಯಿಂದಲೂ ಮಾಲು ಕೊಂಡು ಪರೀಕ್ಷೆಗೆ ಒಯ್ಯುತ್ತಾರೆ. ನಪಾಸಾದರೆ ಗುರುತು ಹಾಕುವುದನ್ನು ನಿಲ್ಲಿಸಬೇಕು.

ರಾಯಚೂರಿನಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ದೂರ. ಇಬ್ಬರು ಮೂವರು ಕೆಲಸಗಾರರ ಶೆಡ್ಡಿಗೆ ಈ ಓಡಾಟ, ಪರೀಕ್ಷಾ ಖರ್ಚು, ವರ್ಷ ವರ್ಷದ ಗುರುತು ಶುಲ್ಕ ಭಾರವೇ. ಸೂಕ್ಷ್ಮ ಉದ್ದಿಮೆಗಳಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ, ಆದರೆ ಆ ವಿಷಯ ತಗಡಿನ ಕೂಲರ್ ಜೋಡಿಸುವ ಹುಡುಗರವರೆಗೆ ಬಂದು ತಲುಪಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರ ಅವರನ್ನು ಒಂದೆಡೆ ಕೂಡಿಸಿ ಕನ್ನಡದಲ್ಲಿ, ಉರ್ದುವಿನಲ್ಲಿ ತಿಳಿಹೇಳಬೇಕು. ಅವರ ದುಡಿಮೆಯನ್ನು ಕಸಿಯುವ ಮಾತು ಇದಲ್ಲ. ಇಂಥ ಕೂಲರಿಗೆ ಐಎಸ್ 3315 ಎಂಬ ಮಾನಕವೇ ಇದೆ. ಅಲ್ಲಿಯವರೆಗೆ ಹೋಗಲು ಆಗದವರೂ ಇವತ್ತೇ ಮಾಡಬಹುದಾದದ್ದು ಇದೆ: ಗುರುತಿರುವ ಮೂರೆಳೆಯ ವೈರು, ಗುರುತಿರುವ ಮೂರು ಪಿನ್ನಿನ ಪ್ಲಗ್ಗು, ಗುರುತಿರುವ ಸ್ವಿಚ್ಚು. ಹಸಿರು ಎಳೆಯನ್ನು ತಗಡಿನ ಮೈಗೆ ಬೋಲ್ಟು ಹಾಕಿ ಬಿಗಿಯಬೇಕು, ವೈರು ತಗಡನ್ನು ದಾಟುವ ತೂತಿಗೆ ರಬ್ಬರಿನ ಬಳೆ ತೊಡಿಸಬೇಕು. ಇಡೀ ಕೂಲರಿನ ಬೆಲೆಯಲ್ಲಿ ಇದರ ಖರ್ಚು ತೀರಾ ಸಣ್ಣದು.

ಮಾರಿದವರೂ ಹೊಣೆಗಾರರು

"ನಾವೇನ್ ಮಾಡೀವ್ರೀ, ಹೈದರಾಬಾದಿನಿಂದ ಬಂದ ಮಾಲು ಮಾರೀವಿ" ಎನ್ನುವ ಅಂಗಡಿಕಾರರಿದ್ದಾರೆ. ಹೈದರಾಬಾದಿನ ಟ್ರೂಪ್ ಬಜಾರಿನಿಂದಲೋ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದಲೋ ಮಾಲು ತಂದು ಮಾರುವವರು ತಯಾರಕರಲ್ಲ, ನಿಜ. ಆದರೆ ಕಾಯಿದೆ ಹಾಗೆ ಬಿಡುವುದಿಲ್ಲ. 2016ರ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಗುರುತು ಕಡ್ಡಾಯವಾದ ಸಾಮಾನನ್ನು ಗುರುತಿಲ್ಲದೆ ತಯಾರಿಸುವುದೂ ತಪ್ಪು, ಮಾರುವುದೂ ತಪ್ಪು, ಮಾರಲೆಂದು ಗೋದಾಮಿನಲ್ಲಿ ಇಡುವುದೂ ತಪ್ಪು. 29ನೇ ಸೆಕ್ಷನ್ ಹೇಳುವ ಶಿಕ್ಷೆ: ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊದಲ ತಪ್ಪಿಗೆ ಕನಿಷ್ಠ 2 ಲಕ್ಷ ರೂಪಾಯಿ, ಮತ್ತೆ ಮಾಡಿದರೆ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ದಂಡವು ಮಾಲಿನ ಬೆಲೆಯ ಹತ್ತು ಪಟ್ಟಿನವರೆಗೂ ಏರಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ಗುರುತಿಲ್ಲದ ಹೀಟರ್ ರಾಡು ಮೊದಲಾದ ಮನೆ ಸಾಮಾನುಗಳನ್ನು ಕೊಳ್ಳಬೇಡಿ ಎಂದು ದೇಶದ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು.

ಪ್ರಾಮಾಣಿಕ ಅಂಗಡಿಕಾರರಿಗೆ ಈ ಕಾನೂನು ಆಸರೆ. ಗುರುತಿರುವ ರಾಡಿನ ಪಕ್ಕದಲ್ಲಿ ಅರ್ಧ ಬೆಲೆಯ ಗುರುತಿಲ್ಲದ ರಾಡು ನೇತಾಡಿದರೆ ನಷ್ಟ ಯಾರಿಗೆ? ಸರಿಯಾದ ಮಾಲು ಇಟ್ಟವರಿಗೆ.

ನಂಬರ್ ಓದುವ ಬಗೆ

ಹೋದ ಚಳಿಗಾಲದಲ್ಲಿ ಮಾನ್ವಿಯ ಅಂಗಡಿಯೊಂದರಲ್ಲಿ ನಾನೇ ಒಂದು ರಾಡು ಕೊಂಡೆ. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿನಂತೆಯೇ ಕಾಣುವ ಚಿತ್ರವಿತ್ತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಚಿತ್ರದ ಮೇಲೂ ಏನಿಲ್ಲ, ಕೆಳಗೂ ಏನಿಲ್ಲ. ಮರುದಿನ ವಾಪಸು ಒಯ್ದೆ. ಅಂಗಡಿಯವರು ತಕರಾರಿಲ್ಲದೆ ತಗೊಂಡು ಬೇರೆ ಕೊಟ್ಟರು. "ಇಷ್ಟು ವರ್ಷದಾಗ ಯಾರೂ ಕೇಳಿಲ್ರೀ" ಎಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಿಜವಾದ ಗುರುತಿನ ತಲೆಯ ಮೇಲೆ ಐಎಸ್ ಎಂದು ಶುರುವಾಗುವ ಮಾನಕದ ಸಂಖ್ಯೆ ಇರುತ್ತದೆ, ಬುಡದಲ್ಲಿ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಮೊದಲನೆಯದು ಯಾವ ಪರೀಕ್ಷೆ ಎಂಬುದನ್ನು ಹೇಳುತ್ತದೆ, ಎರಡನೆಯದು ಯಾವ ಕಾರ್ಖಾನೆ ಎಂಬುದನ್ನು. ಎರಡರಲ್ಲಿ ಒಂದು ಇಲ್ಲದಿದ್ದರೂ ಅದು ಬರೀ ಚಿತ್ರ. ಪೆಟ್ಟಿಗೆಯ ಮೇಲೆ ಇದ್ದರಷ್ಟೇ ಸಾಲದು, ಸಾಮಾನಿನ ಮೇಲೂ ನೋಡಿ. ವೈರಿನ ಉದ್ದಕ್ಕೂ ಅದು ಅಚ್ಚಾಗಿರುತ್ತದೆ.

ಸಂಖ್ಯೆ ಇದ್ದರೂ ಅದು ಖರೆಯೋ ಸುಳ್ಳೋ ಎಂಬ ಅನುಮಾನ ಸಹಜ. ಅದಕ್ಕೆ ಬ್ಯೂರೊ 2020ರ ಜುಲೈನಲ್ಲಿ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್ ತಂದಿದೆ. ಸಿಎಂ/ಎಲ್ ಸಂಖ್ಯೆ ಹಾಕಿದರೆ ಕಾರ್ಖಾನೆಯ ಹೆಸರು, ವಿಳಾಸ, ಯಾವ ಸಾಮಾನಿಗೆ ಪರವಾನಗಿ, ಅದು ಜೀವಂತ ಇದೆಯೇ ಅವಧಿ ಮೀರಿದೆಯೇ ಎಲ್ಲ ತೆರೆಯ ಮೇಲೆ ಬರುತ್ತದೆ. ಚಾರ್ಜರಿನ ಆರ್ ಸಂಖ್ಯೆಗೂ ಅಲ್ಲೇ ಜಾಗವಿದೆ. ಕೈಯಲ್ಲಿರುವುದು ರಾಡು, ಪರವಾನಗಿ ಇನ್ಯಾವುದೋ ಸಾಮಾನಿನದು ಎಂದು ತೋರಿಸಿದರೆ ಕೂಡಲೇ ದೂರು ಕೊಡಬಹುದು. ದೂರಿನ ಗುಂಡಿಯೂ ಆ ಆ್ಯಪ್‌ನಲ್ಲೇ ಇದೆ. ಇಂಗ್ಲಿಷ್ ಓದಲು ಬಾರದ ಹಿರಿಯರಿಗೆ ಮನೆಯ ಶಾಲೆ ಮಕ್ಕಳೇ ಓದಿ ಹೇಳಬಹುದು. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸಂತೆಯ ದಿನ ಒಂದು ಮೇಜು ಹಾಕಿ ಕೂತು ಜನ ಕೊಂಡ ಸಾಮಾನಿನ ಸಂಖ್ಯೆ ನೋಡಿ ಹೇಳುವಂತಾದರೆ, ದೇವದುರ್ಗದಂಥ ತಾಲ್ಲೂಕಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಗುರುತು ಕಾಯದ ಕಡೆ

ಗುರುತಿರುವ ಸಾಮಾನು ತಂದರೆ ಎಲ್ಲ ಮುಗಿಯಿತು ಎಂದು ನಾನು ಹೇಳಲಾರೆ. ಮೂರನೇ ಪಿನ್ನು ಸಾಕೆಟ್ಟಿಗೆ ಹೋಗಿ ಅಲ್ಲಿಂದ ಮುಂದೆ ಅರ್ಥ್ ವೈರೇ ಇಲ್ಲದಿದ್ದರೆ ಪ್ರಯೋಗಾಲಯದ ಶ್ರಮವೆಲ್ಲ ವ್ಯರ್ಥ. ಇದ್ದರೂ ನಮ್ಮ ಎರೆಮಣ್ಣು ಬ್ಯಾಸಿಗಿಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಒಣ ಮಣ್ಣಿಗೆ ಕರೆಂಟು ಇಳಿಯುವುದು ಕಷ್ಟ. ಕೂಲರ್ ಹೆಚ್ಚು ಓಡುವ ದಿನಗಳಲ್ಲೇ ಅರ್ಥಿಂಗ್ ಸೋಲುತ್ತದೆ. ಅರ್ಥಿಂಗ್ ಗುಂಡಿಗೆ ಬಿಸಿಲುಗಾಲದಲ್ಲಿ ಆಗಾಗ ಒಂದೆರಡು ಕೊಡ ನೀರು ಹಾಕುವ ಹಿರಿಯರ ರೂಢಿ ತಪ್ಪಿಸಬಾರದು. ಲೈಸೆನ್ಸ್ ಇರುವ ವೈರಿಂಗ್ ಗುತ್ತಿಗೆದಾರರಿಂದ ಒಮ್ಮೆ ಅಳೆಯಿಸಿ ನೋಡಬೇಕು.

ಇನ್ನೊಂದು ಸಾಧನ ಆರ್‌ಸಿಸಿಬಿ. ಹೋದ ಕರೆಂಟೂ ಮರಳಿದ ಕರೆಂಟೂ ಒಂದೇ ಇದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಯಾರದೋ ಮೈಮೂಲಕ ಸೋರುತ್ತಿದ್ದರೆ, ಕಣ್ಣೆವೆ ಮುಚ್ಚುವುದರೊಳಗೆ ಇಡೀ ಮನೆಯ ಕರೆಂಟು ಕಡಿಯುತ್ತದೆ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಮನೆ ಕಟ್ಟುವಾಗ ಬಾಗಿಲಿನ ಕೆತ್ತನೆಗೆ ಖರ್ಚು ಮಾಡುವ ನಾವು ಇದೊಂದಕ್ಕೆ ಹಿಂದೆಮುಂದೆ ನೋಡುವುದು ಸರಿಯಲ್ಲ.

ಈ ಭಾನುವಾರ ಮನೆಯ ಕೂಲರಿನ ಪ್ಲಗ್ ತೆಗೆದು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಪಿನ್ ಮೂರಿವೆಯೇ? ವೈರಿನ ಮೇಲೆ ಐಎಸ್ 694 ಎಂದಿದೆಯೇ, ಸಿಎಂ/ಎಲ್ ಸಂಖ್ಯೆ ಇದೆಯೇ? ಇಲ್ಲದಿದ್ದರೆ ನೀರು ಹಾಕುವ ಮೊದಲು ವೈರನ್ನೂ ಪ್ಲಗ್ಗನ್ನೂ ಬದಲಾಯಿಸಿ. ನೀರು ಹಾಕುವಾಗ ಪ್ಲಗ್ ಸಾಕೆಟ್ಟಿನಿಂದ ಹೊರಗಿರಲಿ. ಅಂಗಡಿಯಲ್ಲಿ ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲಿಯೂ ಮಾತನಾಡಬಹುದು.